ಹೋಳಿಗೆ ಎತ್ತಿದಲ್ಲಿಗೆ ನಿಲ್ಲುವ ವಿಡಿಯೋ

ಮನೆಯ ಮಿಕ್ಸರ್ ಕೆಟ್ಟರೆ ನನಗೆ ಅದರ ಮೇಲೆ ಸಿಟ್ಟು ಬರುವುದಿಲ್ಲ. ಅದು ಗುರ್ ಅನ್ನುತ್ತದೆ, ಸುಟ್ಟ ವಾಸನೆ ಬಿಡುತ್ತದೆ, ತಾನು ಕೆಟ್ಟಿರುವುದನ್ನು ನಾಲ್ಕು ಮನೆಗೆ ಕೇಳುವಂತೆ ಹೇಳಿ ಸುಮ್ಮನಾಗುತ್ತದೆ. ಕಂಪ್ಯೂಟರಿನಲ್ಲಿ ವಿಡಿಯೋ ತೋರಿಸುವ ಪ್ಲೇಯರ್ ಎಂಬ ತಂತ್ರಾಂಶಕ್ಕೆ ಅಷ್ಟು ಸೌಜನ್ಯವೂ ಇಲ್ಲ. ಚೆನ್ನಾಗಿ ನಡೆಯುತ್ತಿದ್ದದ್ದು ಗಕ್ಕನೆ ನಿಂತು, ಏನೋ ತಪ್ಪಾಗಿದೆ ಎಂಬ ಒಂದು ಸಾಲು ತೋರಿಸಿ ಮಾಯವಾಗುತ್ತದೆ. ಏನು ತಪ್ಪು, ಯಾರ ತಪ್ಪು, ಹೇಳುವುದಿಲ್ಲ. ಕೆಳಗೆ ಒತ್ತಲು ‘ಸರಿ’ ಎಂಬ ಒಂದೇ ಗುಂಡಿ. ಪುಣೆ ಪಕ್ಕದ ಪಿಂಪ್ರಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಜೀವಮಾನವೆಲ್ಲ ದುಡಿದವನು ನಾನು. ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆದರೆ ಈ ‘ಏನೋ’ ಎಂಬುದು ಎಲ್ಲಿರುತ್ತದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಇಷ್ಟು ಗೋಳಿಗೆ ಕಾರಣ ಚಿಂಚವಾಡದ ನಮ್ಮ ಕನ್ನಡ ಬಳಗದ ಒಡಪಿನ ಸ್ಪರ್ಧೆ. ಒಡಪು ನಮ್ಮ ಕಡೆಯವರಿಗೆಲ್ಲ ಗೊತ್ತು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮದುವೆಯ ದಿನ ಗಂಡು ಹೆಣ್ಣು ಜೊತೆಯಾಗಿ ಕೂತು ಉಣ್ಣುವ ಭೂಮದ ಊಟದಲ್ಲಿ, ಒಬ್ಬರ ಬಾಯಿಗೆ ಒಬ್ಬರು ತುತ್ತಿಡುವ ಮೊದಲು ಪ್ರಾಸ ಕಟ್ಟಿ ಒಬ್ಬರು ಇನ್ನೊಬ್ಬರ ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಅದನ್ನು ಕೇಳದೆ ತುತ್ತು ಇಡಗೊಡುವುದಿಲ್ಲ. ಆ ಸ್ಪರ್ಧೆಗೆ ನಾನು ತೀರ್ಪುಗಾರ. ನನ್ನ ಯೋಗ್ಯತೆ ಏನೆಂದರೆ, ಇಪ್ಪತ್ತೆಂಟು ವರ್ಷದ ಹಿಂದೆ ನನ್ನ ಮದುವೆಯಲ್ಲಿ ನಿಂತ ಕಾಲ ಮೇಲೆ ನಾನೇ ಕಟ್ಟಿ ಹೇಳಿದ ಒಡಪು:

ಬಿಸಿ ಬಿಸಿ ರೊಟ್ಟಿಗೆ ಬೆಣ್ಣಿ, ಬೆಣ್ಣಿಗೆ ಚಿಟಿಕಿ ಉಪ್ಪು,
ಸುಮಂಗಲಾ ಹೇಳಿದ್ದು ಖರೆ, ನಾ ಹೇಳಿದ್ದೆಲ್ಲಾ ತಪ್ಪು.

ತಾಳಿ ಕಟ್ಟಿ ಒಂದು ತಾಸೂ ಆಗಿರಲಿಲ್ಲ, ಮದುಮಗ ತುಂಬಿದ ಪಂಕ್ತಿಯಲ್ಲಿ ಹೀಗೆ ಒಪ್ಪಿಕೊಂಡನಲ್ಲ ಎಂದು ಜನ ಮೆಚ್ಚಿದರು. ಆ ಮೆಚ್ಚುಗೆ ನನ್ನ ಜೊತೆಗೇ ಪುಣೆಗೂ ಬಂತು. ಇಲ್ಲಿನ ಕನ್ನಡದ ಮನೆಗಳಲ್ಲಿ ಯಾರದೇ ಮದುವೆಯಾಗಲಿ, ಒಡಪಿಗೆ ನನ್ನ ಹತ್ತಿರ ಬರುತ್ತಾರೆ. ಬೆಣ್ಣೆ ತೆಗೆದು ತುಪ್ಪ ಹಾಕಿ, ರೊಟ್ಟಿ ತೆಗೆದು ಚಪಾತಿ ಮಾಡಿ ನಾನೂ ಕೊಟ್ಟು ಕಳಿಸುತ್ತೇನೆ.

ಈ ಸಲ ಹುರುಪಿನಲ್ಲಿ ಒಂದು ಮಾತು ಆಡಿಬಿಟ್ಟೆ: “ಸ್ಪರ್ಧೆ ಶುರುವಾಗೋ ಮೊದಲು ನನ್ನ ಮದುವಿ ವಿಡಿಯೋ ತೋರಸ್ತೀನ್ರಿ. ಒಡಪು ಹೆಂಗ ಹೇಳಬೇಕು ಅಂತ ಹುಡುಗರಿಗೆ ತಿಳೀಲಿ.” ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಕಂಪ್ಯೂಟರಿಗೆ ಎಂದೋ ಇಳಿಸಿಟ್ಟಿದ್ದ ವಿಡಿಯೋ ಅದು. ಇಳಿಸಿದ್ದೇ ಬಂತು, ಕೂತು ನೋಡಿರಲಿಲ್ಲ. ಈಗ ಹಾಕಿದೆ. ಬೀಗರು ಬಂದರು, ಅಕ್ಷತೆ ಬಿತ್ತು, ಕ್ಯಾಮೆರಾದವನು ಕಾರಣವಿಲ್ಲದೆ ನಮ್ಮ ಸೋದರಮಾವನ ಮೂಗನ್ನು ಬಹಳ ಹೊತ್ತು ತೋರಿಸಿದ. ನಲವತ್ತೊಂದನೆಯ ನಿಮಿಷಕ್ಕೆ ಎಲೆ ಹಾಕಿದರು. ನಾನು ಹೋಳಿಗೆಯ ಚೂರು ಎತ್ತಿದೆ. “ಒಡಪು ಹಾಕ್ರಿ, ಒಡಪು!” ಎಂದು ಹೆಂಗಸರು ಕೂಗಿದರು. ಅಷ್ಟೇ. ನನ್ನ ಕೈ ಗಾಳಿಯಲ್ಲಿ ನಿಂತಿತು. ಏನೋ ತಪ್ಪಾಗಿದೆ. ಸರಿ.

ಮತ್ತೆ ಮೊದಲಿನಿಂದ ಹಾಕಿದೆ. ಮತ್ತೆ ಸೋದರಮಾವನ ಮೂಗು, ಮತ್ತೆ ಅದೇ ಹೋಳಿಗೆ. ಪ್ಲೇಯರ್ ಕಿತ್ತುಹಾಕಿ ಹೊಸದು ಹಾಕಿದೆ. ಹೊಸದು ಇನ್ನೂ ಅವಸರದ್ದು, ಎಲೆ ಹಾಕುವಾಗಲೇ ಕೈಯೆತ್ತಿತು. ವಿಮಾನ ನಗರದ ಆಫೀಸಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. “ಅಪ್ಪಾ, ಕೋಡೆಕ್ ಹಾಕ್ರಿ” ಅಂದಳು. ಕೋಡೆಕ್ ಅಂದರೇನು ಎಂದು ಕೇಳಿದೆ. ಅವಳು, “ಅದು ಇರಬೇಕಾಗ್ತದಪ್ಪಾ, ಅಷ್ಟೇ” ಅಂದಳು. ಒಂದಲ್ಲ, ಮೂರು ಹಾಕಿದೆ. ಆಮೇಲೆ ನಮ್ಮ ಮಾವನವರು ಪೂರಾ ಹಸಿರಾದರು. ಮಂಗಳವಾದ್ಯ ಮೊದಲು ಕೇಳಿಸಿ, ಓಲಗದವರು ಆಮೇಲೆ ಊದತೊಡಗಿದರು. ಮೂರನ್ನೂ ತೆಗೆದೆ. ಯಾವುದನ್ನು ಹಾಕಿದ್ದರಿಂದ ಕೆಟ್ಟಿತು, ಯಾವುದನ್ನು ತೆಗೆದದ್ದರಿಂದ ಸರಿಹೋಯಿತು ಎಂಬುದು ನನಗೆ ಒಂದಿಷ್ಟೂ ತಿಳಿಯಲಿಲ್ಲ. ಹೋಳಿಗೆ ಮಾತ್ರ ಅಲ್ಲೇ ನಿಂತಿತ್ತು.

ಇನ್ನೂ ತಿಳಿಯದ ಸಂಗತಿ ಸುಮಂಗಲೆಯದು. ಹೆಂಡತಿಯಾದವಳು ತನ್ನ ಮದುವೆಯ ವಿಡಿಯೋ ನೋಡಲು ಹಂಬಲಿಸುತ್ತಾಳೆ ಎಂದುಕೊಂಡಿದ್ದೆ. ಇವಳು ಅಡಿಗೆಮನೆಯಿಂದಲೇ, “ಬಿಡ್ರಿ ಅತ್ಲಾಗ. ಬಾಯಿಲೇ ಹೇಳಿದ್ರ ಸಾಕು. ಅದಕ್ಕ ತೋರಸಾಕ ಮನಸ್ಸಿಲ್ಲಂದ್ರ ನೀವ್ಯಾಕ ಜಬರದಸ್ತಿ ಮಾಡ್ತೀರಿ?” ಎನ್ನುತ್ತಿದ್ದಳು. ಕಂಪ್ಯೂಟರಿನ ಮನಸ್ಸು ಇವಳಿಗೆ ಹೇಗೆ ತಿಳಿಯಿತು ಎಂದು ಒಂದು ಸಂಶಯ ಬಂತು. ಆದರೆ ಸ್ಪರ್ಧೆ ನಡೆಯುವ ಭಾನುವಾರಕ್ಕೆ ಎರಡೇ ದಿನ ಉಳಿದಿದ್ದವು. ವಿಡಿಯೋ ಇಲ್ಲದೆ ಹೋದರೆ ಬಳಗದ ಮುಂದೆ ನನ್ನ ಮಾನ ಏನಾಗಬೇಕು? ಸಂಶಯ ಪಡಲು ಪುರುಸೊತ್ತಿರಲಿಲ್ಲ.

ಕೊನೆಗೆ ಎದುರುಮನೆಯ ದೇಶಮುಖರನ್ನು ಕರೆದೆ. ಮರಾಠಿ ಮನುಷ್ಯ, ಆಟೋಮೊಬೈಲ್ ಕಾರ್ಖಾನೆಯಿಂದ ನಿವೃತ್ತರಾದವರು, ಯಾವ ಯಂತ್ರವನ್ನು ಕಂಡರೂ ಮೊದಲು ಅದರ ಮೈ ಮುಟ್ಟಿ ಬಿಸಿ ನೋಡುತ್ತಾರೆ. ನೋಡಿದರು. ನಲವತ್ತೊಂದು ನಿಮಿಷ ತಾಳ್ಮೆಯಿಂದ ನನ್ನ ಮದುವೆಯನ್ನೂ ನೋಡಿದರು. ಅದು ನಿಂತಾಗ, “ತಿಥೇ ಖಡ್ಡಾ ಆಹೇ ಹೋ. ಖಡ್ಡ್ಯಾತ ಕಶಾಲಾ ಜಾತಾ? ಬಾಜೂನೇ ಘ್ಯಾ!” ಅಂದರು. ಅಲ್ಲೊಂದು ಗುಂಡಿ ಇದೆ, ಅದರಲ್ಲಿ ಯಾಕೆ ಇಳಿಯುತ್ತೀರಿ, ಪಕ್ಕದಿಂದ ದಾಟಿಸಿ! ಹೀಗಂದು ಪರದೆಯ ಕೆಳಗಿನ ಗೆರೆಯನ್ನು ಮೌಸಿನಿಂದ ಹಿಡಿದು ಒಂದು ಕೂದಲೆಳೆಯಷ್ಟು ಮುಂದೆ ಸರಿಸಿ, ಊಟಕ್ಕೆ ಹೊತ್ತಾಯಿತೆಂದು ಎದ್ದುಹೋದರು. ನನಗೆ ಇದು ಹೊಳೆದಿರಲೇ ಇಲ್ಲ. ಮದುವೆಯನ್ನು ನಡುವಿನಿಂದ ಹೇಗೆ ಶುರು ಮಾಡುವುದು ಎಂದು ಪ್ರತಿಸಲವೂ ಬೀಗರನ್ನು ಎದುರುಗೊಳ್ಳುವುದರಿಂದಲೇ ಹಾಕುತ್ತಿದ್ದೆ.

ವಿಡಿಯೋ ನಡೆಯಿತು. ಮದುಮಗನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಪ್ಲೇಯರ್ ಮತ್ತೆ ನಿಂತಿತೇನೋ ಎಂದುಕೊಂಡೆ. ಇಲ್ಲ, ಹಿಂದೆ ಹೆಂಗಸರು ನಗುತ್ತಿದ್ದರು, ಫ್ಯಾನು ತಿರುಗುತ್ತಿತ್ತು. ನಿಂತದ್ದು ನಾನು. ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ, ಮಾತಿಲ್ಲ. ಆಗ ಪಕ್ಕದಲ್ಲಿ ಬಾಸಿಂಗದ ಕೆಳಗೆ ತಲೆ ತಗ್ಗಿಸಿ ಕೂತ ಹುಡುಗಿಯ ತುಟಿ ಅಲುಗಿತು. ಮೈಕು ಅವಳ ಹತ್ತಿರವೇ ಇದ್ದಿರಬೇಕು, ಪಿಸುಮಾತೂ ಸ್ಪಷ್ಟವಾಗಿ ಕೇಳಿಸಿತು. ಬಿಸಿ ಬಿಸಿ ರೊಟ್ಟಿಗೆ ಬೆಣ್ಣಿ. ನಾನು ಗಟ್ಟಿಯಾಗಿ ಅದನ್ನೇ ಅಂದೆ. ಬೆಣ್ಣಿಗೆ ಚಿಟಿಕಿ ಉಪ್ಪು. ಅಂದೆ. ನಾ ಹೇಳಿದ್ದೆಲ್ಲಾ ತಪ್ಪು ಎನ್ನುವವರೆಗೆ ಒಂದೊಂದೇ ತುಂಡು ಅವಳು ಕೊಟ್ಟಳು, ನಾನು ಹೇಳಿದೆ. ಈಗಲಾದರೂ ನಿಲ್ಲು ಎಂದು ಆ ತಂತ್ರಾಂಶಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಅದು ಎಲ್ಲೂ ತಡವರಿಸದೆ ಕೊನೆಯವರೆಗೂ ಓಡಿತು.

ತಿರುಗಿ ನೋಡಿದರೆ ಸುಮಂಗಲಾ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಇದು ನೀ ಕಟ್ಟಿದ್ದೇನು?” ಎಂದೆ.

“ಹ್ಞೂಂ. ನಿಮ್ಮ ಕೈಯಾಗಿನ ಹೋಳಗಿ ಬೀಳೂಹಂಗ ಆಗಿತ್ತು. ನನಗ ಹಸಿವಿ ಬ್ಯಾರೆ ಆಗಿತ್ತು.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ? ಅದನ್ನ ಹೇಳುವಾಗ ನಿಮ್ಮ ಮಾರಿ ಭಾಳ ಚಂದ ಕಾಣ್ತದ. ಮತ್ತ ಒಡಪಿನಾಗ ಇದ್ದದ್ದೂ ಖರೇನ ಅದ ಅಲ್ರೀ?”

ನನಗೆ ನಾಚಿಕೆಯಾಯಿತು. ನಾನು ಸುಳ್ಳು ಹೇಳಿಕೊಂಡು ತಿರುಗಿದವನಲ್ಲ. ನಾನೇ ಕಟ್ಟಿದೆನೆಂದು ನಿಜವಾಗಿಯೂ ನಂಬಿದ್ದೆ. ಯಾವಾಗ ನಂಬತೊಡಗಿದೆ ಎಂದು ಈಗ ಎಷ್ಟು ತಡಕಾಡಿದರೂ ಸಿಗಲಿಲ್ಲ. ನಾಚಿಕೆಯ ಬೆನ್ನಿಗೇ, ಸೌಟು ಹಿಡಿದು ನಿಂತವಳ ಮೇಲೆ ಹಿಂದೆಂದೂ ಬಾರದಷ್ಟು ಪ್ರೀತಿಯೂ ಬಂತು.

“ಭಾನುವಾರ ವಿಡಿಯೋ ಕೆಟ್ಟದ ಅಂತ ಹೇಳಿಬಿಡ್ರಿ” ಎಂದು ಅವಳೇ ದಾರಿ ತೋರಿಸಿದಳು. ಹಾಗೇ ಹೇಳಿದೆ. ಬಳಗದವರು ಬಿಡಬೇಕಲ್ಲ! “ಹಂಗಿದ್ರ ನೀವ ಹೇಳ್ರಿ ಸರ” ಎಂದು ಮೈಕು ಕೈಗೆ ಕೊಟ್ಟರು. ಇದು ನನ್ನದಲ್ಲ, ಇವಳದು ಎಂದು ಒಪ್ಪಿಕೊಂಡುಬಿಡೋಣ ಎಂದು ಎದ್ದೆ. ಆದರೆ ಒಡಪಿನ ಪ್ರಕಾರ ಸುಮಂಗಲಾ ಹೇಳಿದ್ದು ಖರೆ, ಅವಳು ಹೇಳಿದ್ದೋ ವಿಡಿಯೋ ಕೆಟ್ಟಿದೆ ಎಂದು. ನಾನು ನಿಜ ಹೇಳಿದರೂ ಅದು ತಪ್ಪೇ ಆಗುತ್ತದಲ್ಲ ಎಂದು ಲೆಕ್ಕ ಹಾಕುತ್ತ ತಲೆ ಗಿರ್ರೆಂದಿತು. ಸಾವಿರ ಸಲ ಹೇಳಿದ ಎರಡು ಸಾಲು ನೆನಪಿಗೆ ಬರಲೊಲ್ಲದು. ಬಾಯಿ ತೆರೆದೆ, ಮುಚ್ಚಿದೆ. ಹೆಂಗಸರ ಮೊದಲ ಸಾಲಿನಲ್ಲಿ ಪರಿಚಿತವಾದ ಎರಡು ತುಟಿ ಅಲುಗಿದವು. ನೋಡಿಕೊಂಡು ಹೇಳಿದೆ. ಚಪ್ಪಾಳೆ ಬಿತ್ತು.

ಬದುಕಿದೆ ಎಂದುಕೊಂಡು ಮನೆಗೆ ಬಂದೆ. ಅತಿಥಿಯಾಗಿ ಬಂದಿದ್ದ ದೇಶಮುಖರು ಅಭಿಮಾನದಿಂದ ಎಲ್ಲವನ್ನೂ ತಮ್ಮ ಮೊಬೈಲಿನಲ್ಲಿ ಹಿಡಿದಿದ್ದರಂತೆ. ಒಂದು ಮೂಲೆಯಲ್ಲಿ ನಾನು, ನಟ್ಟನಡುವೆ ಸುಮಂಗಲಾ, ಅವಳ ತುಟಿ ಮೊದಲು, ನನ್ನ ದನಿ ಆಮೇಲೆ. ತಳೇಗಾಂವದವರೆಗೆ ಬಳಗದ ಎಲ್ಲರ ಫೋನಿಗೂ ಅದು ತಲುಪಿದೆ. ನಡುವೆ ಎಲ್ಲಾದರೂ ನಿಲ್ಲುತ್ತದೆಯೇ ಎಂದು ನಾನೂ ಹತ್ತಾರು ಸಲ ಹಾಕಿ ನೋಡಿದ್ದೇನೆ. ಒಮ್ಮೆಯೂ ನಿಂತಿಲ್ಲ.