ಯೆಹೂದಿ ಬೀದಿಯಲ್ಲಿ ಭಾವನವರ ಮೌನವ್ರತ

ನಮ್ಮ ಭಾವನವರನ್ನು ಕಂಡರೆ ಟೂರಿಸ್ಟ್ ಗೈಡುಗಳು ರಸ್ತೆ ದಾಟಿ ಆ ಕಡೆ ಹೋಗಿಬಿಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಒಂದು ಸಲ ಅವರ ಜೊತೆ ಯಾವುದಾದರೂ ಮ್ಯೂಸಿಯಂಗೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ!

ನಮ್ಮ ಯಜಮಾನರ ಅಣ್ಣ ಅವರು. ಅಮೆರಿಕದಲ್ಲಿ, ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿ ಬಹಳ ವರ್ಷ ಕಿಡ್ನಿ ಡಾಕ್ಟರಾಗಿದ್ದು ಈಗ ನಿವೃತ್ತರು. ಪ್ರಾಕ್ಟೀಸ್ ಬಿಟ್ಟರು, ಪ್ರಶ್ನೆ ಕೇಳುವ ಚಟ ಬಿಡಲಿಲ್ಲ. ಅದೂ ಎಂಥ ಪ್ರಶ್ನೆ? ತಮಗೆ ಉತ್ತರ ಗೊತ್ತಿರುವಂಥದ್ದು ಮಾತ್ರ! ಗೈಡು ತಪ್ಪು ಹೇಳಿದರೆ ಅವರಿಗೆ ಅವತ್ತು ಹೋಳಿಗೆ ಊಟ. ವಾಷಿಂಗ್ಟನ್‌ನಲ್ಲಿ ಒಬ್ಬಳು ಗೈಡಮ್ಮ ಸೋತು ಸುಣ್ಣವಾಗಿ, “ಸರ್, ನನ್ನ ಬ್ಯಾಡ್ಜ್ ಕೊಟ್ಟುಬಿಡಲಾ?” ಎಂದಳು. “ಬ್ಯಾಡ್ಜ್ ಬೇಡಮ್ಮ, ಆ ಮೈಕ್ ಕೊಡು ಸಾಕು” ಎಂದರು ಭಾವನವರು!

ಇಂಥವರು ನನ್ನ ಮಗಳ ಪರೀಕ್ಷೆಯ ದಿನ ತಾವೂ ಬರುತ್ತೇನೆಂದರೆ ನನ್ನ ಎದೆ ಏನಾಗಬೇಡ?

ಮಗಳು ಚಾರ್ಲ್ಸ್‌ಟನ್‌ನಲ್ಲಿ ಇತಿಹಾಸ ಓದುತ್ತಾಳೆ. ಆ ಊರಿನ ಹಳೆಯ ಯೆಹೂದಿ ಕೇರಿಯಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ ಕಥೆ ಹೇಳುವ ಬೇಸಿಗೆ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಮೊದಲು ಒಂದು ನಡಿಗೆ ಮಾಡಿ ತೋರಿಸಬೇಕು. ಅಲ್ಲಿಯ ಯೆಹೂದಿ ಮನೆತನದ ಅಜ್ಜಿಯೊಬ್ಬರು ಹಿಂದೆಯೇ ಬಂದು ಕೇಳಿಸಿಕೊಂಡು, ಸರಿ ಎಂದರೆ ಮಾತ್ರ ಕೆಲಸ. “ಕಂಪ್ಯೂಟರ್ ಬಿಟ್ಟು ಇದೇನ್ರೀ?” ಎಂದು ನಮ್ಮೂರು ಜಾನ್ಸ್ ಕ್ರೀಕ್‌ನ ಆಂಟಿಯರೆಲ್ಲ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಇವಳದು ಒಂದೇ ಮಾತು: “ಅಮ್ಮಾ, ಐ ರಿಯಲಿ ವಾಂಟ್ ದಿಸ್.”

ರಜೆಗೆ ಬಂದವಳ ಅಭ್ಯಾಸ ನಮ್ಮ ಅಡುಗೆಮನೆಯಲ್ಲೇ. ಫ್ರಿಜ್ಜೇ ಸಿನಗಾಗ್, ಅಂದರೆ ಅವರ ದೇವಸ್ಥಾನ. ವಾಷಿಂಗ್ ಮಷೀನು ಸ್ಮಶಾನ! ನಾನು ಮೊಸರು ತೆಗೆಯಲು ಹೋದರೆ, “ಅಮ್ಮಾ, ಸಿನಗಾಗ್ ಬಾಗಿಲು ಕ್ಲೋಸ್ ಮಾಡು!” ಎಂದು ಕೂಗುತ್ತಿದ್ದಳು. ಮನೆಯಲ್ಲಿ ಇನ್ನೊಂದು ದೇವಸ್ಥಾನ ಹೆಚ್ಚಾಯಿತಲ್ಲ, ಇರಲಿ ಎಂದುಕೊಂಡೆ.

ಹೊರಡುವ ಮುನ್ನ ಮಗಳು ಕೈಮುಗಿದಳು. “ದೊಡ್ಡಪ್ಪ, ಪ್ಲೀಸ್. ನೋ ಕ್ವೆಶ್ಚನ್ಸ್.”

“ಮೌನವ್ರತ ಕಣೇ! ಬಾಯಿ ಬಿಟ್ರೆ ಕೇಳು” ಎಂದರು. ನಾನು ರಾಯರಿಗೆ ತುಪ್ಪದ ದೀಪ ಹಚ್ಚಿದೆ. ಜೊತೆಗೆ, ಬಾಯಿಗೆ ಬೇರೆ ಕೆಲಸವಿರಲಿ ಎಂದು ಪ್ರಸಾದದ ಕಲ್ಲುಸಕ್ಕರೆಯನ್ನೂ ಭಾವನವರ ಜೇಬಿಗೆ ತುಂಬಿದೆ. ದೇವರ ಮೇಲೆ ಎಲ್ಲ ಭಾರವನ್ನೂ ಹಾಕಬಾರದಲ್ಲ!

ಏಳೆಂಟು ಪ್ರವಾಸಿಗರ ಜೊತೆ ನಡಿಗೆ ಶುರುವಾಯಿತು. ದೊಡ್ಡ ಕಂಬಗಳ ಸಿನಗಾಗ್ ಎದುರಿಗೆ ನಿಂತು ಮಗಳು ಸೊಗಸಾಗಿ ಹೇಳುತ್ತಿದ್ದಳು. ಹಳೆಯ ಕಟ್ಟಡ ಸುಟ್ಟುಹೋದದ್ದು, ಜನ ಮತ್ತೆ ಕಟ್ಟಿದ್ದು. ಭಾವನವರು ಬಾಯಿ ಬಿಡಲಿಲ್ಲ. ಆದರೆ ಕಾಲಿಗೆ ವ್ರತವಿರಲಿಲ್ಲವಲ್ಲ! ದೇವಸ್ಥಾನವೆಂದ ಮೇಲೆ ಮುಗಿಯಿತು, ಫುಟ್‌ಪಾತಿನ ಮೇಲೇ ಬೂಟು ಬಿಚ್ಚಿ, ತೂತು ಬಿದ್ದ ಸಾಕ್ಸಿನಲ್ಲಿ ಕೈಮುಗಿದು ನಿಂತರು. ಷಾರ್ಲೆಟ್‌ನಿಂದ ಬಂದಿದ್ದ ದಂಪತಿ ಅದನ್ನು ನೋಡಿದರು. ಇಲ್ಲಿಯ ನಿಯಮವೇ ಇದು ಎಂದುಕೊಂಡು ಅವರೂ ಬಿಚ್ಚಿದರು. ಅವರನ್ನು ನೋಡಿ ಉಳಿದವರೂ! ಕ್ಷಣದಲ್ಲಿ ಬೀದಿಯಲ್ಲಿ ಚಪ್ಪಲಿ ಅಂಗಡಿ.

ಅಜ್ಜಿ ಹುಬ್ಬೇರಿಸಿದರು. “ಇದೂ ನಿನ್ನ ಟೂರಿನಲ್ಲಿ ಇದೆಯೇನಮ್ಮ?”

ಮಗಳ ಮುಖ ಕೆಂಪಾಯಿತು. “ನೋ ಮೇಡಮ್… ದಟ್ಸ್ ಮೈ ಅಂಕಲ್.” ಎಲ್ಲರೂ ನಕ್ಕರು, ಬೂಟು ಹಾಕಿಕೊಂಡರು. ಆದರೆ ಅವಳ ಧೈರ್ಯ ಅಲ್ಲೇ ಜಾರಿಹೋಗಿತ್ತು.

ಹಳೆಯ ಸ್ಮಶಾನ ತಲುಪುವ ಹೊತ್ತಿಗೆ ಮಾತು ತಡವರಿಸಿತು. “ಸೋ, ಹಿಯರ್…” ಎಂದು ನಿಂತೇಬಿಟ್ಟಳು. ಎಲ್ಲ ಮರೆತುಹೋಗಿದೆ ಎಂದು ನನಗೆ ಗೊತ್ತಾಯಿತು. ಅಜ್ಜಿ ಕೊಡೆಯ ಮೇಲೆ ಕೈಯೂರಿ ಕಾಯುತ್ತಿದ್ದರು. ನನ್ನ ಬಾಯಿಗೆ ಒಂದು ದೇವರ ಹೆಸರೂ ಬರಲೊಲ್ಲದು!

ಆಗ ಭಾವನವರು ಕಲ್ಲುಸಕ್ಕರೆ ನುಂಗಿದರು. ಶಾಲೆಯ ಹುಡುಗನಂತೆ ಕೈಯೆತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ.

“ಎಕ್ಸ್‌ಕ್ಯೂಸ್ ಮಿ, ಮಿಸ್. ಆ ಸಮಾಧಿ ಮೇಲೆ ಯಾರೋ ಸಣ್ಣ ಕಲ್ಲು ಇಟ್ಟಿದ್ದಾರೆ. ಯಾಕೆ?”

ಕೇಳಿದ್ದು ಇಂಗ್ಲಿಷಿನಲ್ಲಿ, ಅದೂ ಎಷ್ಟು ಮೆತ್ತಗೆ! ಇದೇ ಕಲ್ಲಿನ ವಿಷಯವನ್ನು ಅಟ್ಲಾಂಟಾದಿಂದ ಚಾರ್ಲ್ಸ್‌ಟನ್‌ವರೆಗೂ ಕಾರಿನಲ್ಲಿ ನನಗೆ ಪಾಠ ಮಾಡಿದ ಮಹಾನುಭಾವರು ಇವರೇ!

ಮಗಳು ತಲೆಯೆತ್ತಿದಳು. “ಹೂವು ಬಾಡುತ್ತೆ, ಕಲ್ಲು ಉಳಿಯುತ್ತೆ. ಯಾರೋ ಬಂದಿದ್ರು, ನಿಮ್ಮನ್ನ ಮರೆತಿಲ್ಲ ಅಂತ ಹೇಳೋಕೆ” ಎಂದಳು, ಅವಳ ಇಂಗ್ಲಿಷಿನಲ್ಲಿ. ಅಲ್ಲಿಂದ ಮಾತು ತಾನಾಗಿ ಹರಿಯಿತು. ಹಡಗಿನಲ್ಲಿ ಬಂದ ವ್ಯಾಪಾರಿಗಳು, ಅವರ ಮಕ್ಕಳು, ಒಂದೊಂದು ಮನೆಯ ಕಥೆ. ಅವಳು ಎಲ್ಲಿ ತಡೆದರೂ ಭಾವನವರ ಕೈ ಮೇಲೇಳುತ್ತಿತ್ತು. ಅವಳಿಗೆ ಗೊತ್ತಿರುವುದನ್ನೇ ಹುಡುಕಿ ಹುಡುಕಿ ಕೇಳುತ್ತಿದ್ದರು.

ಹೊರಗೆ ಬಂದಾಗ ಅಜ್ಜಿ ನಲ್ಲಿಯಲ್ಲಿ ಕೈ ತೊಳೆದುಕೊಂಡರು. ಸ್ಮಶಾನದಿಂದ ಬಂದರೆ ಇವರೂ ನಮ್ಮ ಹಾಗೆಯೇ ಎಂದು ನನಗೆ ಎಷ್ಟು ಸಮಾಧಾನವಾಯಿತೋ! ನಾನೂ ತೊಳೆದುಕೊಂಡೆ. ಅವರು ಮಗಳ ಕಡೆ ತಿರುಗಿದರು. “ನಾಳೆ ಶನಿವಾರ, ನಮಗೆ ಸಬ್ಬತ್, ಕೆಲಸವಿಲ್ಲ. ಭಾನುವಾರ ಬೆಳಿಗ್ಗೆ ಬಂದುಬಿಡು.”

ಮಗಳು ಕುಣಿದಳು. ಅಜ್ಜಿ ಭಾವನವರನ್ನು ಓರೆಗಣ್ಣಿನಿಂದ ನೋಡಿದರು. “ಅಂಕಲ್ ಸಾಹೇಬರೇ, ಆ ಕಲ್ಲಿನ ವಿಷಯ ನಿಮಗೆ ನಿಜವಾಗಿಯೂ ಗೊತ್ತಿರಲಿಲ್ಲವೇ?”

ಇಷ್ಟು ವರ್ಷದಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿರಲಿಲ್ಲ. ಭಾವನವರು ಮಗಳ ತಲೆಯ ಮೇಲೆ ಕೈಯಿಟ್ಟರು.

“ಇಲ್ಲ ಮೇಡಮ್. ನಮ್ಮ ಹುಡುಗಿ ಹೇಳಿಕೊಟ್ಟಳು.”