ಶಾಮಿಯಾನ ಬಿಚ್ಚಂಗಿಲ್ಲ

ಬಾಡಿಗೆಗೆ ತಂದ ವಸ್ತು ಹರಿದರೆ, ವಿಚಾರಣೆ ಮುಗಿಯುವವರೆಗೆ ಅದು ಸರ್ಕಾರದ ವಶದಲ್ಲಿರತಕ್ಕದ್ದು. ಸದಾಶಿವನಗರದ ನಮ್ಮ ತೆಂಗು ಹಿತಚಿಂತನಾ ಕಚೇರಿಯಲ್ಲಿ ಈ ನಿಯಮವನ್ನು ಯಾರೂ ಓದಿಲ್ಲ, ಎಲ್ಲರೂ ಪಾಲಿಸುತ್ತಾರೆ.

ಕಚೇರಿಯ ಉದ್ಘಾಟನೆಗೆ ಶಿರಾ ಗೇಟಿನ ಏಜಾಜ್ ಅಹಮದ್ ಅವರ ಅಂಗಡಿಯಿಂದ ಶಾಮಿಯಾನ ತರಿಸಿದ್ದೆವು. ಮುಖ್ಯ ಅತಿಥಿಗಳಿಗೆ ಕ್ರೇನಿನಿಂದ ಕೊಬ್ಬರಿ ಹಾರ ಹಾಕುವುದೆಂದು ತೀರ್ಮಾನವಾಗಿತ್ತು. ಅತಿಥಿಗಳು ಶಾಮಿಯಾನದ ಕೆಳಗೆ, ಕ್ರೇನು ಮೇಲೆ ಎಂಬುದು ಸ್ವಾಗತ ಸಮಿತಿಗೆ ಹೊಳೆದದ್ದು ಹಾರ ಅರ್ಧ ದಾರಿ ಇಳಿದ ಮೇಲೆ. ಹಾರ ಬಟ್ಟೆ ಸೀಳಿಕೊಂಡು ಬಂದು ಸರಿಯಾಗಿ ಅತಿಥಿಗಳ ಕೊರಳಿಗೇ ಬಿತ್ತು. ಆದ್ದರಿಂದ ಕಾರ್ಯಕ್ರಮ ಯಶಸ್ವಿಯಾಯಿತು.

ಮರುದಿನ ಏಜಾಜ್ ಬಂದರು. ಶಾಮಿಯಾನ ಅವರ ತಂದೆ ಹೊಲಿಸಿದ್ದು. ಮನೆಯ ಹೆಣ್ಣುಮಕ್ಕಳ ನಿಕಾಹ್ ಎಲ್ಲ ಅದರಡಿಯೇ ನಡೆದದ್ದು. ಮುಂದಿನ ವಾರ ಮಗಳು ಅರ್ಜೂಳ ಸರದಿ.

"ಬಿಚ್ಚಂಗಿಲ್ಲ. ಹರಿದಿರೋದನ್ನ ಸಾಹೇಬ್ರು ನೋಡ್ಬೇಕು," ಎಂದರು ನಮ್ಮ ಅಧೀಕ್ಷಕ ಹನುಮಂತರಾಜು.

"ಸೂಜಿ ದಾರ ತಂದಿದೀನಿ ಸಾರ್. ಹೊಲ್ಕೊಂಡ್ ಹೋಗ್ತೀನಿ, ಬಾಡಿಗೆನೂ ಬ್ಯಾಡ."

"ಹೊಲಿದ್ರೆ ಸಾಕ್ಷ್ಯನಾಶ ಕಣ್ರೀ."

ಏಜಾಜ್ ಸೂಜಿಯನ್ನು ಜೇಬಿಗೆ ಹಾಕಿಕೊಂಡರು. ನನಗೆ ಸಂಕಟವಾಯಿತು. ಆದರೆ ನಾನು ದ್ವಿತೀಯ ದರ್ಜೆ ಸಹಾಯಕ. ಸಂಕಟಪಡುವುದು ಪ್ರಥಮ ದರ್ಜೆಯವರ ಕೆಲಸ.

ಸಾಹೇಬರು ಬಂದು ಕತ್ತೆತ್ತಿ ನೋಡಿ, ಕೆಳಗಿನಿಂದ ಹರಿದಿದೆ, ಮೇಲಿನಿಂದಲೂ ಹರಿದಿದೆಯೇ ಪರಿಶೀಲಿಸಿ ಎಂದು ಆದೇಶಿಸಿದರು. ಅದಕ್ಕೆ ಕ್ರೇನು ಬೇಕು. ಕ್ರೇನು ಇನ್ನೊಬ್ಬರಿಗೆ ಹಾರ ಹಾಕಲು ಗುಬ್ಬಿಗೆ ಹೋಗಿತ್ತು. ಅದು ವಾಪಸು ಬರುವವರೆಗೆ ಹರಕಿನ ಕೆಳಗೆ ಯಾರೂ ನಿಲ್ಲತಕ್ಕದ್ದಲ್ಲವೆಂದೂ, ಅಲ್ಲಿಂದ ಬೀಳುವ ಬಿಸಿಲು ಸಹ ವಿಚಾರಣೆಗೆ ಒಳಪಟ್ಟಿರುತ್ತದೆಂದೂ ಪ್ರಕಟಣೆ ಅಂಟಿಸಿದೆವು.

ಮದುವೆಯ ಹಿಂದಿನ ದಿನ ಏಜಾಜರ ಹೆಂಡತಿ ಹಜರಾ ಬೀ ಬಂದರು. "ಶಾಮಿಯಾನ ಮನೇಗ್ ಬರಲ್ಲ ಅಂದ್ರೆ ಮದ್ವೇನೇ ಇಲ್ಲಿಗ್ ಬರ್ತದೆ ಬುಡಿ," ಎಂದರು.

ಹನುಮಂತರಾಜು ನಿಯಮ ಹುಡುಕಿದರು. ಸಾಕ್ಷ್ಯದ ಕೆಳಗೆ ಮದುವೆಯಾಗಬಾರದೆಂದು ಎಲ್ಲೂ ಇರಲಿಲ್ಲ. ಸರ್ಕಾರದ ವಶದಲ್ಲಿರುವುದರಿಂದ ಬಾಡಿಗೆ ಮಾತ್ರ ಕಟ್ಟಬೇಕಿತ್ತು. ಏಜಾಜ್ ತಮ್ಮ ಶಾಮಿಯಾನಕ್ಕೆ ತಾವೇ ಬಾಡಿಗೆ ಕಟ್ಟಿ ರಸೀದಿ ಪಡೆದರು. ಬಿರಿಯಾನಿ ತಿಂದ ಸಿಬ್ಬಂದಿಯನ್ನು ಕರ್ತವ್ಯದಲ್ಲಿದ್ದಾರೆಂದು ಪರಿಗಣಿಸಲಾಯಿತು.

ನಿಕಾಹ್ ಮುಗಿಯುವ ಹೊತ್ತಿಗೆ ಗುಬ್ಬಿಯಿಂದ ಕ್ರೇನು ಬಂತು. ಬಂದ ಕ್ರೇನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಸಾಹೇಬರು ಗುಲಾಬಿ ಹಾರವೊಂದನ್ನು ಮೇಲಿನಿಂದ ಇಳಿಸಿದರು. ಹರಿದ ಜಾಗದಲ್ಲೇ ಸಲೀಸಾಗಿ ಇಳಿದು ಅದು ಅರ್ಜೂಳ ಕೊರಳು ಸೇರಿತು. ಹುಡುಗಿ ನಕ್ಕಳು. ಏಜಾಜ್ ಕಣ್ಣೊರೆಸಿಕೊಂಡರು. ಬಟ್ಟೆ ಹರಿಯಲಿಲ್ಲ.

ಅದು ಹರಕಲ್ಲ, ಹಾರಮಾರ್ಗ ಎಂದು ವರದಿ ಸಲ್ಲಿಕೆಯಾಗಿ ಶಾಮಿಯಾನ ಬಿಡುಗಡೆಯಾಯಿತು. ಇನ್ನು ಮುಂದೆ ಹಾರಮಾರ್ಗವಿಲ್ಲದ ಶಾಮಿಯಾನವನ್ನು ಯಾವ ಕಚೇರಿಯೂ ಬಾಡಿಗೆಗೆ ಪಡೆಯತಕ್ಕದ್ದಲ್ಲ.

ಮೊನ್ನೆ ಶಿರಾ ಗೇಟಿಗೆ ಹೋಗಿದ್ದೆ. ಏಜಾಜ್ ಕತ್ತರಿ ಹಿಡಿದು ಹೊಸ ಶಾಮಿಯಾನಗಳನ್ನು ಒಂದೊಂದಾಗಿ ಸೀಳುತ್ತಿದ್ದರು. ಹಜರಾ ಬೀ ಅಂಚು ಹೊಲಿಯುತ್ತಿದ್ದರು. ಕುಣಿಗಲ್ಲಿನ ಗಿರಾಕಿಯೊಬ್ಬರು ಹರಿಯದ್ದು ಇದೆಯೇ ಎಂದು ಕೇಳಿದರು.

"ಐತೆ ಸಾರ್," ಎಂದರು ಏಜಾಜ್. "ಡ್ಯಾಮೇಜ್ ಪೀಸು. ಬಾಡಿಗೆ ಕಮ್ಮಿ ಮಾಡ್ಕೊಡ್ತೀನಿ."