ಬಿಜಲಿಗೆ ಹೊದಿಸಿದ ಶಾಲು

ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದಲ್ಲಿ ಇವತ್ತಿನ ದಿನ ಹೆಗಲು ತುರಿಸಿಕೊಳ್ಳದ ಗಣ್ಯ ವ್ಯಕ್ತಿ ಒಬ್ಬರೂ ಉಳಿದಿಲ್ಲ. ಇದು ಹೆಮ್ಮೆಯ ಸಂಗತಿ. ಇದಕ್ಕೆಲ್ಲ ಮೂಲ ನನ್ನ ಕುದುರಿ. ಬೇರೆ ಯಾರಾದರೂ ತಮ್ಮ ಕುದುರಿ ಅಂತ ಹೇಳಿಕೊಂಡರೆ ಅದು ಶುದ್ಧ ಸುಳ್ಳು ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ನಾನು ಚಿಮ್ಮಡದ ಕಾಮಣ್ಣ. ಸಾಲಿಯ ಕಟ್ಟಿ ಹತ್ತಿದವನಲ್ಲ. ಆದರೆ ಮದುವೆ ಮೆರವಣಿಗೆ, ಉದ್ಘಾಟನೆ, ಸ್ವಾಗತ ಅಂತ ಕುದುರಿ ಹಿಡಿದು ವೇದಿಕೆಯ ಬಾಜು ನಿಂತು ನಿಂತು ದೊಡ್ಡ ಮಂದಿಯ ಭಾಷೆ ನನ್ನ ಕಿವಿಯಲ್ಲಿ ಗೂಡು ಕಟ್ಟಿದೆ. ಕುದುರಿಯ ಹೆಸರು ಬಿಜಲಿ. ಬಿಳಿ ಹೆಣ್ಣು ಕುದುರಿ. ಬನಹಟ್ಟಿಯಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ಬಾಯಿ ಮುಚ್ಚಿದ ದಿನವೂ ನನ್ನ ಬಿಜಲಿ ನಿಂತದ್ದಿಲ್ಲ. ಒಮ್ಮೆ ಜಮಖಂಡಿ ಬಸ್ಸಿನ ಜೋಡಿ ಓಡಿ, ಬಸ್ಸಿಗಿಂತ ಮೊದಲು ಸ್ಟ್ಯಾಂಡ್ ಮುಟ್ಟಿ, ನಾನು ಚಹಾ ಕುಡಿದು, ಕಟಿಂಗ್ ಮಾಡಿಸಿಕೊಂಡು, ಆಮೇಲೆ ಬಂದ ಅದೇ ಬಸ್ಸಿನಿಂದ ಬೀಗರನ್ನು ಇಳಿಸಿಕೊಂಡಿದ್ದೇನೆ. ಕಂಡಕ್ಟರ್ ಸಾಕ್ಷಿ ಇದ್ದ. ಈಗ ತೀರಿಕೊಂಡಿದ್ದಾನೆ.

ಇಂಥ ಬಿಜಲಿಯ ಬೆನ್ನ ಮೇಲೆ, ಜೀನು ಕೂಡುವ ಜಾಗದಲ್ಲಿ, ಒಂದು ದಿನ ರೂಪಾಯಿ ಅಗಲ ಕೂದಲು ಉದುರಿತು. ಅದು ಬಿಸ್ಕೀಟಿನಷ್ಟಾಯಿತು, ಹಪ್ಪಳದಷ್ಟಾಯಿತು. ಕೈಬಳಿ ಇಟ್ಟು ಗೆರಿ ಎಳೆದಂಥ ದುಂಡು. ನನ್ನ ಕುದುರಿಗೆ ರೋಗ ಬಂದರೂ ಅಂದಚಂದದಲ್ಲೇ ಬರುತ್ತದೆ. ಅಂಚಿನಲ್ಲಿ ಬೂದಿಯಂಥ ಹೊಟ್ಟು ಏಳುತ್ತಿತ್ತು. ಅದು ಮೈ ತಿಕ್ಕಿ ತಿಕ್ಕಿ ನಮ್ಮ ಹಿತ್ತಲ ಗೋಡೆ ಫರಸಿಕಲ್ಲಿನಂತೆ ನುಣುಪಾಯಿತು; ನಾನು ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಮಾಡಿಕೊಂಡದ್ದುಂಟು. ಹೆಂಡತಿ ಹಣಮವ್ವ ಬೀರಪ್ಪನ ಭಂಡಾರ ಹಚ್ಚಿದಳು. ಬಿಳಿ ಮೈ ಮೇಲೆ ಹಳದಿ ಚಂದ ಕಂಡಿತು, ತುರಿಕಿ ಹೋಗಲಿಲ್ಲ.

ಬನಹಟ್ಟಿಯ ನೇಕಾರ ಮನಿತನದ ಹಿರಿಯಳು ರುಕ್ಮವ್ವ, ಮೊಮ್ಮಗ ರಾಹುಲನ ಮದುವೆಗೆ ಬಿಜಲಿಯನ್ನು ಹೇಳಿಟ್ಟಿದ್ದಳು. ಒಮ್ಮೆ ನೋಡಿ ಹೋಗಲು ಬಂದವಳು, ಸೀರಿಯ ಸೆರಗು ಪರೀಕ್ಷೆ ಮಾಡಿದಂತೆ ಕುದುರಿಯ ಸುತ್ತ ತಿರುಗಿದಳು.

“ಕಾಮಣ್ಣಾ, ನಿನ್ನ ಕುದುರಿ ಎಳಿ ಬಿಟ್ಟೈತಲ್ಲೋ!”

“ಏನಿಲ್ಲ ಯಕ್ಕಾ, ಬ್ಯಾಸಗಿ ಅಂತ ಕೂದಲ ಕತ್ತರಿಸೇನಿ.”

“ಒಂದ ಕಡೆ, ಅದೂ ದುಂಡಗ? ನನಗೇನ್ ಕಣ್ಣಿಲ್ಲೇನು? ನಮ್ಮ ಹುಡುಗ ಹೊಸಾ ಅರಿವಿ ಹಾಕ್ಕೊಂಡು ಇದನ್ನ ಹತ್ತಾಂವ. ಆಮ್ಯಾಲೆ ತುರಿಸಿಕೊಂತ ಕುಂತ್ರ ಹೊಸಾ ಸೊಸಿ ಏನ್ ತಿಳಕೋಬೇಕು? ಬ್ಯಾಡಪಾ, ನಾವು ಕಾರಿನ್ಯಾಗ ಮಾಡ್ತೇವಿ.”

ಮಗ ಮಾಳು ಇದನ್ನೇ ಕಾಯುತ್ತಿದ್ದ. “ಕೇಳಿದೇನಪಾ? ಮದಿವಿ ಸೀಜನ್ ಸುರು ಆಗೂದರಾಗ ಇದಕ್ಕ ಯಾರೂ ಕೇಳಲಿಲ್ಲಂದ್ರ, ಮಿರಜಿ ಕಡೆ ವ್ಯಾಪಾರಿಗೆ ಕೊಟ್ಟು ಟಂಟಂ ಗಾಡಿ ತರ್ತೇನಿ. ಟಂಟಂಗ ಕಜ್ಜಿ ಆಗೂದಿಲ್ಲ.”

“ಟಂಟಂಗ ಜಂಗ ಹಿಡಿತೈತಿ ಲೇ!” ಎಂದು ಬಾಯಿಗೆ ಬಾಯಿ ಕೊಟ್ಟೆ. ಆದರೆ ಅವತ್ತು ನನ್ನ ಪಾಲಿನ ರೊಟ್ಟಿ ಒಯ್ದು ಬಿಜಲಿಗೆ ತಿನ್ನಿಸಿದೆ. ಬಿಜಲಿ ಇಲ್ಲದ ಹಿತ್ತಲದಲ್ಲಿ ನಾನು ಯಾರ ಮುಂದೆ ಬಡಾಯಿ ಕೊಚ್ಚಲಿ?

ಕುದುರಿ ಹೊಡೆದುಕೊಂಡು ದನದ ದವಾಖಾನೆಗೆ ಹೋದೆ. ಡಾಕ್ಟರ್ ಪೂರ್ಣಿಮಾ ಅಂತ, ಸಣ್ಣ ವಯಸ್ಸಿನ ಹುಡುಗಿ. ಹೊಟ್ಟು ಕೆರೆದು ತೆಗೆದು, ಅಂಚಿನ ನಾಕು ಕೂದಲು ಕಿತ್ತು ನೋಡಿ, “ಅಜ್ಜಾರ, ಇದು ಗಜಕರ್ಣರಿ. ಮನಷ್ಯಾರಿಗೆ ಆಗತೈತೆಲ್ಲ, ಅದ ಜಾತಿದು. ಔಷಧದ ನೀರಿಲೆ ತೊಳೀರಿ, ಮುಲಾಮು ಹಚ್ಚರಿ, ಬಿಸಲಿಗೆ ನಿಲ್ಲಸ್ರಿ. ಇದರ ಮೈಮ್ಯಾಲಿನ ಅರಿವಿ, ಬ್ರಶ್ಶು ಬ್ಯಾರೆ ಕುದುರಿಗೆ ಮುಟ್ಟಸಬ್ಯಾಡ್ರಿ. ಮನಷ್ಯಾರಿಗೂ ಹತ್ತತೈತಿ,” ಎಂದಳು.

“ಮುಲಾಮು ಕೊಡವಾ ಹಂಗಾರ.”

“ಪೆಟಗಿ ತುಂಬ ಬಂದೈತ್ರಿ. ಆದ್ರ ಅದು ಅಭಿಯಾನದ್ದು. ಕೀಲಿ ವೀರಣ್ಣ ಸಾವಕಾರ್ರ ಕಡೆ ಐತಿ. ಅವಸರ ಇದ್ರ ಚೀಟಿ ಬರದಕೊಡ್ತೇನಿ, ಅಂಗಡ್ಯಾಗ ತಗೋರಿ.”

ಚೀಟಿ ಬರೆಸಿಕೊಂಡೆ. ಆದರೆ ಪುಕ್ಕಟ ಸಿಗುವುದನ್ನು ಅಂಗಡಿಯಲ್ಲಿ ಕೊಳ್ಳುವ ಪದ್ಧತಿ ನಮ್ಮ ವಂಶದಲ್ಲಿಲ್ಲ.

ವೀರಣ್ಣ ಸಾವಕಾರರು ನೂಲಿನ ವ್ಯಾಪಾರಿಗಳು ಹಾಗೂ ಅಶ್ವ ಚರ್ಮ ಕಲ್ಯಾಣ ಅಭಿಯಾನ ಸಮಿತಿಯ ಅಧ್ಯಕ್ಷರು. ಕುದುರಿಯನ್ನು ಹತ್ತಿರದಿಂದ ನೋಡಿದವರಲ್ಲ. ಹಾಗಾಗಿ ಅವರು ನಿಷ್ಪಕ್ಷಪಾತಿಗಳು ಎಂದು ಆರಿಸಲಾಗಿತ್ತು. ಕಾರ್ಯದರ್ಶಿ ಮಲ್ಲಿನಾಥ ಆಟೋಗೆ ಸ್ಪೀಕರ್ ಕಟ್ಟಿಕೊಂಡು ಊರೂರಿಗೆ ಸಾರಿದ:

“ಅಶ್ವ ಮಾಲೀಕರೇ! ಫಲಾನುಭವಿ ಕುದುರೆಗಳಿಗೆ ಮೊದಲು ಸನ್ಮಾನ, ನಂತರ ಚಿಕಿತ್ಸೆ. ಸನ್ಮಾನವಾಗದ ಕುದುರೆಗೆ ಯಾವುದೇ ಕಾರಣಕ್ಕೂ ಮುಲಾಮು ಹಚ್ಚಲಾಗುವುದಿಲ್ಲ. ಕುದುರೆಗಳು ಖುದ್ದಾಗಿ ಹಾಜರಿರತಕ್ಕದ್ದು. ಪ್ರತಿನಿಧಿಗಳನ್ನು ಕಳುಹಿಸಿದಲ್ಲಿ ಪರಿಗಣಿಸಲಾಗುವುದಿಲ್ಲ!”

ಬನಹಟ್ಟಿಯ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ಬನಹಟ್ಟಿ ಅಂದರೆ ಆಕಾಶಕ್ಕೆ ಹೊದಿಸಿ ಇನ್ನೂ ಸೆರಗು ಉಳಿಯುವಷ್ಟು ಬಟ್ಟೆ ನೇಯುವ ಊರು. ಅಲ್ಲಿ ಸಮಿತಿಯವರು ಕೊಂಡ ಶಾಲು ಒಂದೇ ಒಂದು. ಬಿಲ್ಲಿನಲ್ಲಿ ಎಷ್ಟಿದ್ದವೋ ನಾನು ಓದಿಲ್ಲ. ಓದು ಬಂದವರೂ ಓದಿಲ್ಲ.

ಪೂರ್ಣಿಮಾ ಡಾಕ್ಟರು ಅಧ್ಯಕ್ಷರ ಹತ್ತಿರ ಬಗ್ಗಿ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. “ಸರ್, ಒಂದ ಶಾಲು ಎಲ್ಲಾ ಕುದುರಿಗೆ ಹೊದಿಸಿದ್ರ ರೋಗ ಎಲ್ಲಾದಕ್ಕೂ ಹತ್ತತೈತ್ರಿ.”

“ಡಾಕ್ಟರ್ ಬಾಯಾರ, ರೋಗ ಹತ್ತತೈತಿ ಅಂತ ಗೌರವ ಬಿಡಾಕ ಆಕ್ಕೈತೇನ್ರಿ? ಬ್ಯಾರೆ ಬ್ಯಾರೆ ಶಾಲು ತಂದ್ರ ಒಂದರ ಬಣ್ಣ ಹೆಚ್ಚು, ಒಂದರದು ಕಡಿಮಿ. ಮುಧೋಳದವ್ರು ಜಗಳಾ ತಗೀತಾರ. ಒಂದ ಶಾಲು ಅಂದ್ರ ಸಮಾನತೆ.”

ಸಭೆ ಚಪ್ಪಾಳೆ ತಟ್ಟಿತು.

ಪ್ರಥಮ ರೋಗಿ ಎಂಬ ಗೌರವ ಬಿಜಲಿಗೆ ಬಂತು. ಶಾಲು ಸರಿಯಾಗಿ ಆ ದುಂಡನೆ ಜಾಗದ ಮೇಲೆಯೇ ಕೂತಿತು. ಬಿಜಲಿಗೆ ಎಷ್ಟು ಸುಖ ಅನಿಸಿತೆಂದರೆ ಮೈ ಆಡಿಸಿ ಆಡಿಸಿ ಶಾಲಿಗೆ ತಿಕ್ಕಿತು. ಫೋಟೋ ಆಯಿತು. ಮಲ್ಲಿನಾಥ ಹಿಂದಿನಿಂದ ಶಾಲು ಸರಕ್ಕನೆ ಎಳೆದು ಜಮಖಂಡಿಯ ಕುದುರಿಗೆ ಹೊದಿಸಿದ. ಅಲ್ಲಿಂದ ಮುಧೋಳದ್ದಕ್ಕೆ, ಬೀಳಗಿಯದಕ್ಕೆ. ಎಲ್ಲ ಕನ್ನಡಿಯಂಥ ಮೈಯವು. ರೋಗ ಇಲ್ಲದಿದ್ದರೂ ಸನ್ಮಾನ ಇದೆ ಅಂತ ಬಂದಿದ್ದವು. ಕುದುರಿಗಳು ಮುಗಿದ ಮೇಲೆ ಅದೇ ಶಾಲು ಅಧ್ಯಕ್ಷರ ಹೆಗಲಿಗೆ, ಮುಖ್ಯ ಅತಿಥಿಗಳ ಹೆಗಲಿಗೆ, ಪೆಂಡಾಲಿನವನ ಹೆಗಲಿಗೂ ಏರಿತು. ಡಾಕ್ಟರನ್ನು ಕರೆದಾಗ ಆಕೆ ದೂರದಿಂದಲೇ ಕೈ ಮುಗಿದು ವೇದಿಕೆ ಇಳಿದಳು.

“ಎಷ್ಟ ಸೊಕ್ಕು ನೋಡ್ರಿ,” ಅಂದರು ಹಿಂದಿನವರು.

ಅಷ್ಟರಲ್ಲಿ ಊಟದ ಹೊತ್ತಾಯಿತು. ಚಿಕಿತ್ಸೆಯನ್ನು ಸಮಾರೋಪ ಸಮಾರಂಭಕ್ಕೆ ಮುಂದೂಡಲಾಗಿದೆ ಎಂದು ಮಲ್ಲಿನಾಥ ಸಾರಿದ. ಮುಲಾಮಿನ ಪೆಟಗಿಗೆ ಹಾರ ಹಾಕಿ ವಾಪಸ್ ಒಯ್ದರು.

ಮುಂದೆ ಅಮಾಸಿ ಬರುವುದರೊಳಗೆ ನಾಕೂ ಕಡೆಯ ಕುದುರಿಗಳ ಬೆನ್ನಿನ ಮೇಲೆ ಬಳಿಯಂಥ ದುಂಡು ಎದ್ದಿತು. ಸಮಿತಿ ತುರ್ತು ಸಭೆ ಕರೆದು ವರದಿ ಓದಿತು: “ಅಭಿಯಾನಕ್ಕೆ ಮೊದಲು ಈ ಭಾಗದಲ್ಲಿ ಚರ್ಮರೋಗವುಳ್ಳ ಕುದುರೆ ಒಂದೇ ಒಂದು ಇತ್ತು. ಅಭಿಯಾನದ ಫಲವಾಗಿ ಇದೀಗ ಎಲ್ಲ ಕುದುರೆಗಳಲ್ಲೂ ರೋಗವನ್ನು ಯಶಸ್ವಿಯಾಗಿ ಗುರುತಿಸಲಾಗಿದೆ.” ಓದುತ್ತ ಓದುತ್ತ ಅಧ್ಯಕ್ಷರು ಎಡಹೆಗಲು ತುರಿಸಿಕೊಂಡರು. ಅವರನ್ನು ನೋಡಿ ಮುಖ್ಯ ಅತಿಥಿಗಳಿಗೂ ತಡೆಯಲಾಗಲಿಲ್ಲ.

ಇದು ಮಂದಿಯ ಕಣ್ಣಿಗೆ ಬಿತ್ತು. ಚಹಾದ ಅಂಗಡಿಯಲ್ಲಿ ಒಬ್ಬ ಕೇಳುತ್ತಿದ್ದ, “ಸಾವಕಾರ್ರು ಯಾಕ ಹಂಗ ಕೆರಕೊಳ್ಳಾಕತ್ತಾರ?” ಇನ್ನೊಬ್ಬ ದನಿ ಇಳಿಸಿ, “ಸನ್ಮಾನ ಆಗೇತಿ ಅವರಿಗೆ,” ಎನ್ನುತ್ತಿದ್ದ. ಕೇಳಿದವನು ಎದ್ದು ನಿಂತು ಸಾವಕಾರರಿಗೆ ನಮಸ್ಕಾರ ಮಾಡಿ ಕೂಡುತ್ತಿದ್ದ. ಸ್ವಲ್ಪ ದಿನದಲ್ಲೇ ಎಲ್ಲ ಸಮಾರಂಭಗಳಲ್ಲೂ ಬೋರ್ಡು ಬಂತು: ‘ಮುಂದಿನ ಸಾಲು ತುರಿಸಿಕೊಳ್ಳುವ ಮಹನೀಯರಿಗೆ ಮೀಸಲು.’

ಒಂದು ಮುಂಜಾನೆ ಮುದಕಪ್ಪ ನನ್ನ ಹಿತ್ತಲಕ್ಕೆ ಬಂದ. ಯಾವ ಊರಿನಲ್ಲಿ ಯಾವ ಕಾರ್ಯಕ್ರಮ ಇದ್ದರೂ ಇಸ್ತ್ರಿ ಅಂಗಿ ತೊಟ್ಟು ಹೋಗಿ, ಯಾರೂ ಶಾಲು ಹಾಕದೆ ವಾಪಸ್ ಬರುವ ಮನುಷ್ಯ.

“ಕಾಮಣ್ಣಾ, ಒಂದ ಉಪಕಾರ ಆಗಬೇಕು. ನಿನ್ನ ಕುದುರಿಗೆ ಒಂದೀಟು ಹೆಗಲ ಉಜ್ಜಿಕೋತೇನಿ.”

“ಹುಚ್ಚ ಹಿಡದೈತೇನೋ ಮುದಕಪ್ಪಾ?”

“ಬೀಗರೆಲ್ಲ ಕೆರಕೊಳ್ಳಾಕತ್ತಾರ. ನನ್ನ ಹೆಗಲ ನೋಡು, ಕೂಸಿನ ಹೆಗಲ ಇದ್ದಂಗೈತಿ. ಮಗಳ ಮನಿಗೆ ಯಾ ಮಾರಿ ಇಟಗೊಂಡು ಹೋಗ್ಲಿ?”

ಪಾಪ ಅನಿಸಿತು, ಅಂಗಿ ತೆಗಿ ಅಂದೆ. ಬಿಜಲಿ ತಲೆ ತಿರುಗಿಸಿ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿತು. ಅವತ್ತಿನಿಂದ ಹಿತ್ತಲದಲ್ಲಿ ಪಾಳಿ ಹಚ್ಚಬೇಕಾಯಿತು.

ಇದೇ ವೇಳೆಗೆ ರುಕ್ಮವ್ವ ಮತ್ತೆ ಬಂದಳು. “ಕಾಮಣ್ಣಾ, ನಮ್ಮ ರಾಹುಲಗ ನಿನ್ನ ಬಿಜಲೀನ ಬೇಕು ನೋಡಪಾ. ಹೆಣ್ಣಿನ ಕಡೆಯವ್ರು ಕೇಳ್ಯಾರ, ಮೊದಲ ಶಾಲು ಬಿದ್ದ ಕುದುರಿನ ಇರಬೇಕಂತ. ಬೆನ್ನ ಮ್ಯಾಲಿನ ಆ ದುಂಡನ ಕಲಿ ಐತಿ ಹೌದಿಲ್ಲೋ? ಕಲಿ ಇಲ್ಲಂದ್ರ ನಾ ಒಲ್ಲೆ.”

ಮಾಳು ನನಗಿಂತ ಮೊದಲು, “ಐತ್ರಿ ಅಜ್ಜಿ,” ಎಂದ. ಅವನ ಬಾಯಲ್ಲಿ ಟಂಟಂ ಎಂಬ ಶಬ್ದ ಅವತ್ತು ಬರಲಿಲ್ಲ.

ಸಮಿತಿಯೂ ಸುಮ್ಮನೆ ಕೂಡಲಿಲ್ಲ. ಗೌರವದ ಗುರುತನ್ನು ಮುಲಾಮಿನಿಂದ ಅಳಿಸುವುದು ಗೌರವಕ್ಕೆ ಅಪಮಾನವಾದ್ದರಿಂದ ಚಿಕಿತ್ಸೆಯನ್ನು ಕೈಬಿಡಲಾಗಿದೆ, ಮುಲಾಮನ್ನು ರೋಗವಿಲ್ಲದವರಿಗೆ ಸಮಾಧಾನಕರ ಬಹುಮಾನವಾಗಿ ಹಂಚಲಾಗುವುದು ಎಂದು ತೀರ್ಮಾನಿಸಿತು. ಡಾಕ್ಟರ್ ಪೂರ್ಣಿಮಾ ಅವರಿಗೆ, ಅಭಿಯಾನದಲ್ಲಿ ಭಾಗವಹಿಸಿಯೂ ಇದುವರೆಗೆ ತುರಿಸಿಕೊಳ್ಳದಿರುವುದಕ್ಕೆ ಕಾರಣ ಕೇಳಿ ನೋಟಿಸು ಹೋಯಿತು. ಆಕೆ, “ನಾನು ಕೈ ತೊಳೆದುಕೊಂಡಿದ್ದೆ” ಎಂದು ಬರೆದುಕೊಟ್ಟಳಂತೆ. ಉತ್ತರ ತೃಪ್ತಿಕರವಾಗಿಲ್ಲ ಎಂದಾಯಿತು.

ಎಲ್ಲ ಸುಸೂತ್ರ ನಡೆದಿತ್ತು. ರಾಹುಲನ ಮದುವೆ ಹತ್ತಿರ ಬಂದಾಗ ಕೆಟ್ಟ ಸುದ್ದಿಯೊಂದು ಹಿತ್ತಲದಿಂದ ಬಂತು. ಬಿಜಲಿಗೆ ಗುಣವಾಗಿತ್ತು.

ದುಂಡನೆ ಜಾಗದಲ್ಲಿ ಹಾಲಿನಂಥ ಕೂದಲು ಬೆಳೆದು, ಎಲ್ಲಿತ್ತು ಅಂತ ಹುಡುಕಿದರೂ ಸಿಗಲೊಲ್ಲದು. ವಿಚಾರಣೆ ಮಾಡಿದಾಗ ತಿಳಿದದ್ದು: ನಾನು ಗೂಟಕ್ಕೆ ಸಿಕ್ಕಿಸಿಟ್ಟ ಡಾಕ್ಟರ ಚೀಟಿಯನ್ನು ಹಣಮವ್ವ ಒಯ್ದು, ಅಂಗಡಿಯಿಂದ ಔಷಧ ತಂದು, ನಾನು ಮನಿಯಲ್ಲಿ ಇಲ್ಲದ ಹೊತ್ತು ನೋಡಿ ಹಿತ್ತಲಕ್ಕೆ ಬರುವ ಮಂದಿಯನ್ನೂ ಬೈದು ಓಡಿಸಿ, ಕುದುರಿಯನ್ನು ತೊಳೆದು ಬಿಸಿಲಿಗೆ ಕಟ್ಟುತ್ತಿದ್ದಳು.

“ಏನ್ ಮಾಡಿದಿ ಬೇ!” ಎಂದು ಮಾಳು ತಲೆ ಮೇಲೆ ಕೈ ಹೊತ್ತ. “ಕಲಿ ಇಲ್ಲಂದ್ರ ಇದು ಬರೇ ಕುದುರಿ. ಬರೇ ಕುದುರಿನ ಯಾರು ಕೇಳ್ತಾರ? ಇನ್ನ ಮಿರಜಿಗೆ ಕಳಸೂದ.”

“ನಿನ್ನ ತುರಿಕಿಗೆ ಬೆಂಕಿ ಹಚ್ಚಲಿ. ಮೂಕ ಪ್ರಾಣಿ, ನೆಮ್ಮದಿಯಿಂದ ನಿಂತೈತಿ, ನೋಡಬಾರದೇನು?”

ನೋಡಿದೆ. ಎಷ್ಟೋ ದಿನದ ಮೇಲೆ ಬಿಜಲಿ ಗೋಡೆಗೆ ಮೈ ತಿಕ್ಕದೆ, ನಾಕೂ ಕಾಲು ಸರಿ ಊರಿ, ಕಣ್ಣು ಅರೆ ಮುಚ್ಚಿ ನಿಂತಿತ್ತು. ಅದನ್ನು ನೋಡಿ ನಾನು ದಾವಣಿ ಹಗ್ಗವನ್ನು ಇನ್ನಷ್ಟು ಗಟ್ಟಿ ಹಿಡಿದೆ. ಮಿರಜಿ ದೂರದ ಊರು.

“ಬಸಿ ತಾ ಲೇ,” ಎಂದೆ.

ಮಾಳು ಚಹಾದ ಬಸಿ ತಂದು ಬೆನ್ನ ಮೇಲೆ ಬೋರಲು ಇಟ್ಟು, ಅದರ ಸುತ್ತ ಗೆರಿ ಎಳೆದು, ಹೊಸ ಬ್ಲೇಡಿನಿಂದ ಒಳಗಿನ ಕೂದಲು ಬೋಳಿಸಿದ. ಅಂಚಿಗೆ ಒಲಿಯ ಬೂದಿ ಸವರಿದೆವು. ಹಣಮವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀರಪ್ಪನ ಆಣಿ ಮಾಡಿ ಹೇಳುತ್ತೇನೆ, ಮೂಲ ರೋಗಕ್ಕಿಂತ ನಮ್ಮದೇ ಹೆಚ್ಚು ದುಂಡಗಿತ್ತು.

ಮದುವೆಯ ದಿನ ರುಕ್ಮವ್ವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, “ಹಾಂ, ಐತಿ,” ಎಂದು ಸಮಾಧಾನಪಟ್ಟಳು. ರಾಹುಲ ಹೊಸಾ ಅರಿವಿ ತೊಟ್ಟು ಬಿಜಲಿಯನ್ನು ಏರಿದ. ಬ್ಯಾಂಡು ಬಾರಿಸಿತು. ಮದುಮಗ ಹೆಗಲು ತುರಿಸಿಕೊಂಡ. ಸಾವಕಾರರು, ಮಲ್ಲಿನಾಥ, ಮುದಕಪ್ಪ, ಹೆಣ್ಣಿನ ಕಡೆಯವರು, ವಿಡಿಯೋ ತೆಗೆಯುವವನು, ಎಲ್ಲರೂ ತುರಿಸಿಕೊಂಡರು. ನನಗೆ ಎಲ್ಲಿಯೂ ತುರಿಕಿ ಇರಲಿಲ್ಲ. ಆದರೂ ನಾಕು ಮಂದಿಯಲ್ಲಿ ಇರುವಾಗ ಚೆನ್ನಾಗಿರುವುದಿಲ್ಲ ಅಂತ ನಾನೂ ತುರಿಸಿಕೊಂಡೆ.

ಬಿಜಲಿ ಒಂದೇ ತುರಿಸಿಕೊಳ್ಳಲಿಲ್ಲ. ಎಷ್ಟೆಂದರೂ ಪ್ರಾಣಿ, ಅದಕ್ಕೆ ಮರ್ಯಾದಿ ತಿಳಿಯುವುದಿಲ್ಲ.